ರೊಟ್ಟಿ ಬಡಿಯುವ ಅಂಗೈ

ಜೋಳದ ರೊಟ್ಟಿ ಒಂದು ಬದಿಗೆ ದಪ್ಪ ಉಳಿಯತೊಡಗಿದರೆ ಹೆಣ್ಣುಮಕ್ಕಳು ಮೊದಲು ಬೈಯುವುದು ಹಿಟ್ಟನ್ನು. ಜೋಳ ಹಳೆಯದಿರಬೇಕು, ಎಸರು ಸರಿಯಾಗಿ ಕುದ್ದಿರಲಿಕ್ಕಿಲ್ಲ, ಗಿರಣಿಯವನು ದಪ್ಪ ಬೀಸಿರಬೇಕು. ಕೈಯ ಮೇಲೆ ಅನುಮಾನ ಬರುವುದು ಎಷ್ಟೋ ತಿಂಗಳ ಮೇಲೆ. ಉಂಗುರ ಬೆರಳಿನ ಬುಡದಲ್ಲಿ, ಅಂಗೈಯೊಳಗೆ ಒಂದು ಗಂಟು. ಅಲ್ಲಿಂದ ಬೆರಳಿನತ್ತ ಹೊರಟ ಹುರಿಯಂಥ ಎಳೆ. ದಿನದಿಂದ ದಿನಕ್ಕೆ ಒಳಗೆ ಬಾಗುತ್ತಿರುವ ಬೆರಳು. ನೋವಂತೂ ಇಲ್ಲ. ನೋವಿಲ್ಲದ್ದಕ್ಕೆ ದವಾಖಾನೆಯ ಮೆಟ್ಟಿಲು ಹತ್ತುವ ರೂಢಿ ಮಲಪ್ರಭೆಯ ದಂಡೆಯಲ್ಲಿ ಇಲ್ಲ.

ಆಸ್ಟ್ರೇಲಿಯದ ಸರ್ಜನ್ ಜಾನ್ ಹ್ಯೂಸ್ಟನ್ ಈ ಕಾಯಿಲೆಗೆ ಒಂದು ಸರಳ ಪರೀಕ್ಷೆ ಹೇಳಿಕೊಟ್ಟರು: ಅಂಗೈಯನ್ನು ಮೇಜಿನ ಮೇಲೆ ಬೋರಲು ಇಡಿ, ಅದು ಪೂರ್ತಿ ಚಪ್ಪಟೆಯಾಗಿ ಕೂರದಿದ್ದರೆ ವೈದ್ಯರನ್ನು ಕಾಣುವ ಹೊತ್ತು ಬಂದಿದೆ. ಜಗತ್ತಿನ ಕೈ ಸರ್ಜನ್ನರೆಲ್ಲ ಇವತ್ತಿಗೂ ಇದನ್ನೇ ಮಾಡಿಸುತ್ತಾರೆ. ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಅಡುಗೆಮನೆಗಳಲ್ಲಿ ಆ ಪರೀಕ್ಷೆ ದಿನಕ್ಕೆ ಎರಡು ಹೊತ್ತು, ಯಾರೂ ಹೇಳದೆಯೇ, ರೊಟ್ಟಿಯ ಮೇಲೆ ನಡೆಯುತ್ತಿರುತ್ತದೆ.

ಬೆರಳು ಬಾಗಿದವರನ್ನು ಕೇಳಿದರೆ ಈ ಕಡೆ ಬರುವ ಉತ್ತರ ಒಂದೇ: “ನರ ಎಳದದ.” ಕನ್ನಡದ ಆಡುಮಾತಿನಲ್ಲಿ ‘ನರ’ ಎಂಬ ಒಂದೇ ಮಾತು ರಕ್ತನಾಳಕ್ಕೂ, ಸಂವೇದನೆ ಒಯ್ಯುವ ತಂತುವಿಗೂ, ಸ್ನಾಯುವಿನ ತುದಿಯ ಹುರಿಗೂ ಸಲ್ಲುತ್ತದೆ. ಇದನ್ನು ಹಳ್ಳಿಯವರ ಅಜ್ಞಾನ ಎನ್ನುವುದು ತಪ್ಪು. 1614ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ವೈದ್ಯ ಫೆಲಿಕ್ಸ್ ಪ್ಲಾಟರ್ ಕಲ್ಲು ಕಟೆಯುವವನೊಬ್ಬನ ಮಡಚಿದ ಬೆರಳುಗಳ ಬಗ್ಗೆ ಬರೆದಾಗ ಅವನೂ ಹುರಿಯೇ ಎಳೆದಿದೆ ಎಂದು ತಿಳಿದಿದ್ದ. ಆ ತಪ್ಪು ತಿಳಿವಳಿಕೆ ಪುಸ್ತಕಗಳಲ್ಲಿ ಇನ್ನೂರು ವರ್ಷ ಉಳಿಯಿತು. ನಿಜವಾಗಿ ಎಳೆದದ್ದು ಚರ್ಮಕ್ಕೂ ಹುರಿಗೂ ನಡುವೆ ಅಂಗೈಯಲ್ಲಿ ಹಾಸಿಕೊಂಡಿರುವ ಗಟ್ಟಿ ಪೊರೆ. ಲಂಡನ್ನಿನ ಹೆನ್ರಿ ಕ್ಲೈನ್ 1777ರಲ್ಲಿ ಕೈ ಬಿಡಿಸಿ ನೋಡಿದಾಗ ಅದನ್ನು ಗುರುತಿಸಿದ. ಅವನ ಶಿಷ್ಯ ಆಸ್ಲಿ ಕೂಪರ್ 1822ರ ತನ್ನ ಪುಸ್ತಕದಲ್ಲಿ ಪರಿಹಾರವನ್ನೂ ಸೂಚಿಸಿದ: ಸಣ್ಣ ಚುಚ್ಚು, ಅದರೊಳಗಿಂದ ಮೊನೆಚೂಪಿನ ಕಿರುಚಾಕು, ಬಿಗಿದ ಪೊರೆಯನ್ನು ಕತ್ತರಿಸಿ ಬೆರಳನ್ನು ನೆಟ್ಟಗೆ ಮಾಡುವುದು.

ಅಂದರೆ ಇವತ್ತು ‘ಹೊಸದು’ ಎಂದು ಹೇಳಿಕೊಳ್ಳುವ ಕಡಿಮೆ ಕೊಯ್ತದ ಚಿಕಿತ್ಸೆಗೆ ಇನ್ನೂರು ವರ್ಷ ಆಗಿದೆ.

ಆ ಇನ್ನೂರು ವರ್ಷದ ಮೊದಲ ದಶಕ ಈ ಸೀಮೆಯ ಪಾಲಿಗೂ ಮರೆಯಲಾಗದ ಕಾಲ. ಕೂಪರನ ಪುಸ್ತಕ ಬಂದು ಎರಡು ವರ್ಷಕ್ಕೆ, 1824ರ ಅಕ್ಟೋಬರ್ 23ರಂದು, ಕಿತ್ತೂರಿನ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಬಿದ್ದ. ಡಿಸೆಂಬರಿನಲ್ಲಿ ಕೋಟೆಯೇ ಬಿತ್ತು. ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರ ಫೆಬ್ರುವರಿಯಲ್ಲಿ ತೀರಿಕೊಂಡಳು. ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದರು. ಅದೇ ವರ್ಷದ ಜೂನ್ ತಿಂಗಳಲ್ಲಿ ಪ್ಯಾರಿಸ್ಸಿನ ಓತೆಲ್ ದ್ಯೂ ಆಸ್ಪತ್ರೆಯಲ್ಲಿ ಬ್ಯಾರನ್ ಗಿಯೋಮ್ ದ್ಯುಪುಯ್ತ್ರಾಂ ಒಬ್ಬ ದ್ರಾಕ್ಷಾರಸದ ವ್ಯಾಪಾರಿಯ ಕೈ ಕೊಯ್ದ. ಆ ವ್ಯಾಪಾರಿ 1811ರಲ್ಲಿ ಭಾರದ ಪೀಪಾಯಿ ಎತ್ತುವಾಗ ಅಂಗೈಯಲ್ಲಿ ಏನೋ ಕಿರ್ ಎಂದಂತಾಯಿತು ಎಂದು ನೆನಪಿಟ್ಟುಕೊಂಡಿದ್ದ. ಅಂದಿನಿಂದ ಉಂಗುರ ಬೆರಳೂ ಕಿರುಬೆರಳೂ ಬಾಗುತ್ತ ಬಂದು ಅಂಗೈಗೆ ಅಂಟಿದ್ದವು. ದ್ಯುಪುಯ್ತ್ರಾಂ ಅದಕ್ಕೆ ಮೊದಲೇ ಇಂಥದ್ದೇ ಕೈಯಿದ್ದ ಒಂದು ಶವವನ್ನು ಬಿಡಿಸಿ ನೋಡಿದ್ದ. ಚರ್ಮ ಸರಿಯಿತ್ತು, ಹುರಿ ಸರಿಯಿತ್ತು, ಪೊರೆ ಮಾತ್ರ ಗಂಟುಕಟ್ಟಿತ್ತು.

ಆಗ ಅರಿವಳಿಕೆ ಇರಲಿಲ್ಲ. ಈಥರ್ ಬಂದದ್ದು 1846ರಲ್ಲಿ. ವ್ಯಾಪಾರಿ ಎಚ್ಚರವಿದ್ದಂತೆಯೇ ಅಂಗೈಯಲ್ಲಿ ಅಡ್ಡ ಕೊಯ್ತಗಳು ಬಿದ್ದವು. ಗಾಯವನ್ನು ಹೊಲಿಯದೆ ತೆರೆದೇ ಬಿಟ್ಟು, ಕೈಯನ್ನು ಬೆರಳು ಚಾಚಿದ ಹಾಗೆ ಒಂದು ಸಾಧನಕ್ಕೆ ಕಟ್ಟಿ ವಾರಗಟ್ಟಲೆ ಇಟ್ಟರು. ಕೈ ಬಿಚ್ಚಿತು. ರೋಗಕ್ಕೆ ಬ್ಯಾರನ್ನನ ಹೆಸರು ನಿಂತಿತು. ಕ್ಲೈನ್, ಕೂಪರರ ಹೆಸರು ಹಿಂದೆ ಸರಿಯಿತು.

ಕಿತ್ತೂರಿನ ವಸ್ತುಸಂಗ್ರಹಾಲಯದಲ್ಲಿ ಆ ಕಾಲದ ಕತ್ತಿಗಳನ್ನು ಇಟ್ಟಿದ್ದಾರೆ. ಅವುಗಳ ಹಿಡಿಯನ್ನು ಗಮನಿಸಿದರೆ ಒಂದು ಮಾತು ಹೊಳೆಯುತ್ತದೆ. ಕತ್ತಿಯನ್ನೋ ಕುಡಗೋಲನ್ನೋ ಮೇಣಿಯನ್ನೋ ಬಿಗಿಯಾಗಿ ಹಿಡಿಯುವಾಗ ಜೋರು ಕೊಡುವುದು ಉಂಗುರ ಬೆರಳು ಮತ್ತು ಕಿರುಬೆರಳು. ಹೆಬ್ಬೆರಳು, ತೋರುಬೆರಳು ನಾಜೂಕಿನ ಕೆಲಸದವು. ಬರೆಯುವ ಕೈಗೆ ಕಿರುಬೆರಳು ಬಾಗಿದರೂ ನಡೆದೀತು. ಹಿಡಿಯುವ ಕೈಗೆ ನಡೆಯದು. ಈ ನಾಲ್ಕು ತಾಲೂಕುಗಳು ಹಿಡಿಯುವ ಕೈಗಳ ಸೀಮೆ. ಹತ್ತಿ ಬಿಡಿಸುವ ಕೈ, ಕಬ್ಬು ಕಡಿಯುವ ಕೈ, ರಾಮದುರ್ಗ ಮತ್ತು ಸುರೇಬಾನದ ಕಡೆ ಕುಣಿಮಗ್ಗದಲ್ಲಿ ಕೂತು ಲಾಳಿಯ ದಾರ ಜಗ್ಗುವ ಕೈ.

ಪ್ಯಾರಿಸ್ಸಿನ ಆ ಕೊಯ್ತದ ಹೊತ್ತಿಗೆ ಇಲ್ಲಿ ಬೆರಳು ಬಾಗಿದವನಿಗೆ ಏನು ದಾರಿ ಇತ್ತು? ಎಣ್ಣೆ ತಿಕ್ಕುವುದು, ಬಿಸಿ ಕಾಸುವುದು, ಎಕ್ಕೆಯ ಎಲೆ ಬಾಡಿಸಿ ಕಟ್ಟುವುದು. ಇವೆಲ್ಲ ಆಯುರ್ವೇದದ ಸ್ನೇಹ, ಸ್ವೇದಗಳ ಮನೆಮಾತಿನ ರೂಪ. ಬಿಗಿದ ಕೀಲನ್ನು ಸಡಿಲಿಸುವುದರಲ್ಲಿ ಇವಕ್ಕೆ ನಿಜವಾದ ಗುಣವೂ ಇದೆ. ಅದೂ ಆಗದಿದ್ದರೆ ಚುಟಿಗೆ. ಕಾಯಿಸಿದ ಕಬ್ಬಿಣದಿಂದ ಬರೆ ಹಾಕುವ ಈ ಪದ್ಧತಿಯ ಮೂಲವನ್ನು ಸುಶ್ರುತ ಸಂಹಿತೆಯ ಅಗ್ನಿಕರ್ಮದವರೆಗೂ ಒಯ್ಯಬಹುದು. ಆದರೆ ಅಂಗೈಯ ವಿಷಯದಲ್ಲಿ ಚುಟಿಗೆ ಕೇಡನ್ನೇ ಮಾಡುತ್ತದೆ. ಸುಟ್ಟ ಚರ್ಮ ಮಾಯುವಾಗ ಕುಗ್ಗುತ್ತದೆ, ಕುಗ್ಗುವಾಗ ಬೆರಳನ್ನು ಇನ್ನಷ್ಟು ಒಳಗೆಳೆಯುತ್ತದೆ. ಒಲೆಯ ಕೆಂಡದಲ್ಲಿ ಕೈಯಿಟ್ಟ ಕೂಸುಗಳ, ಸ್ಟೋವ್ ಸಿಡಿದು ಕೈ ಸುಟ್ಟುಕೊಂಡ ಹೆಂಗಸರ ಬೆರಳುಗಳು ಅಂಟಿ ಮಡಚುವುದೂ ಇದೇ ಕಾರಣದಿಂದ. ಅಂಥ ಕೈಗೆ ಸೂಜಿ, ಇಂಜೆಕ್ಷನ್ ಏನೂ ಸಾಲದು. ಗಾಯದ ಚರ್ಮವನ್ನು ಬಿಡಿಸಿ ಬೇರೆ ಚರ್ಮ ಕೂಡಿಸಲೇಬೇಕು.

ಈ ಸೀಮೆಯಲ್ಲಿ ಮಡಚಿದ ಬೆರಳಿನ ಚರಿತ್ರೆಯ ದೊಡ್ಡ ಪಾಲು ಇನ್ನೊಂದು ಕಾಯಿಲೆಗೆ ಸೇರಿದ್ದು. ಅದರ ಕಥೆ ಸವದತ್ತಿಯ ಗುಡ್ಡದ ಮೇಲಿದೆ.

ಜಮದಗ್ನಿಯ ಶಾಪದಿಂದ ರೇಣುಕೆಯ ಮೈಯೆಲ್ಲ ಕುಷ್ಠವಾಯಿತು. ಕಾಡಿನಲ್ಲಿ ಅಲೆಯುತ್ತಿದ್ದ ಅವಳಿಗೆ ಎಕ್ಕಯ್ಯ, ಜೋಗಯ್ಯ ಎಂಬ ಇಬ್ಬರು ಸಿದ್ಧರು ಸಿಕ್ಕು, ಮದ್ದಿನಿಂದಲೂ ನೀರಿನ ಸ್ನಾನದಿಂದಲೂ ಅವಳನ್ನು ಗುಣಪಡಿಸಿದರು ಎಂಬುದು ಎಲ್ಲಮ್ಮನ ಭಕ್ತರು ತಲೆಮಾರಿನಿಂದ ಹೇಳಿಕೊಂಡು ಬಂದ ಕಥೆ. ಗುಡ್ಡಕ್ಕೆ ಹೋಗುವವರು ಇವತ್ತಿಗೂ ಜೋಗುಳಬಾವಿಯಲ್ಲಿ ಮಿಂದು ಹತ್ತುತ್ತಾರೆ. ಮೈಮೇಲಿನ ಕಜ್ಜಿ, ಕಲೆ ಹೋಗುತ್ತವೆ ಎಂಬ ನಂಬಿಕೆ ಆ ನೀರಿಗೆ ಅಂಟಿಕೊಂಡಿದೆ. ರೋಗಿಯಾದ ದೇವಿ, ಮನೆಯಿಂದ ಹೊರಬಿದ್ದ ದೇವಿ, ಮೈ ಗುಣವಾಗಿಯೂ ಗಂಡನ ಸಿಟ್ಟು ತಣಿಯದೆ ತಲೆ ಕಳೆದುಕೊಂಡ ದೇವಿ. ಭಾರತ ಹುಣ್ಣಿಮೆಯಂದು ಭಂಡಾರ ಹಾರಿಸಿ ‘ಉಧೋ ಉಧೋ’ ಎನ್ನುವ ಲಕ್ಷಾಂತರ ಜನ ಈ ಕಥೆಯನ್ನು ಬಲ್ಲರು. ಆದರೆ ಊರಿಗೆ ಮರಳಿ, ‘ದೊಡ್ಡರೋಗ’ ಹತ್ತಿದವನ ಮನೆಯ ನೀರು ಕುಡಿಯಲು ಅದೇ ಜನ ಹಿಂಜರಿದರು ಎಂಬುದು ಈ ಚರಿತ್ರೆಯ ನೋವಿನ ಭಾಗ.

ಕುಷ್ಠದ ಕ್ರಿಮಿಗೆ ಮೈಯ ತಂಪು ಜಾಗಗಳು ಬೇಕು. ಮೊಣಕೈಗೆ ಏನಾದರೂ ಬಡಿದಾಗ ಜುಮ್ಮೆನ್ನುವ ನರವಿದೆಯಲ್ಲ, ಅದು ಚರ್ಮಕ್ಕೆ ಹತ್ತಿರವಾಗಿ ಹಾದುಹೋಗುತ್ತದೆ. ಕ್ರಿಮಿ ಅಲ್ಲಿ ಸೇರಿದರೆ ಅಂಗೈಯೊಳಗಿನ ಸಣ್ಣ ಸ್ನಾಯುಗಳು ಸೋಲುತ್ತವೆ, ಕಿರುಬೆರಳು ಮತ್ತು ಉಂಗುರ ಬೆರಳು ಹಕ್ಕಿಯ ಉಗುರಿನ ಹಾಗೆ ಬಾಗುತ್ತವೆ. ದ್ಯುಪುಯ್ತ್ರಾಂ ಹೆಸರಿನ ರೋಗ ಬಾಗಿಸುವುದೂ ಹೆಚ್ಚಾಗಿ ಇವೇ ಎರಡು ಬೆರಳುಗಳನ್ನು. ನೋಡುವ ಕಣ್ಣಿಗೆ ವ್ಯತ್ಯಾಸ ಕಾಣದು. ತಿಳಿದವರು ಎರಡು ಪ್ರಶ್ನೆ ಕೇಳುತ್ತಾರೆ. ಮುಟ್ಟಿದರೆ ಗೊತ್ತಾಗುತ್ತದೆಯೇ? ಇನ್ನೊಂದು ಕೈಯಿಂದ ಹಿಡಿದು ನೆಟ್ಟಗೆ ಮಾಡಿದರೆ ಬೆರಳು ಬರುತ್ತದೆಯೇ? ಸ್ಪರ್ಶ ಸತ್ತಿದ್ದು, ಬೆರಳು ಇನ್ನೂ ಮೆತ್ತಗೆ ಬರುತ್ತಿದ್ದರೆ ಅದು ನರದ ರೋಗ. ಸ್ಪರ್ಶ ಸರಿಯಿದ್ದು, ಎಷ್ಟು ಜಗ್ಗಿದರೂ ಬೆರಳು ಬಾರದೆ ಅಂಗೈಯಲ್ಲಿ ಎಳೆ ಎದ್ದು ನಿಂತರೆ ಅದು ಪೊರೆಯ ರೋಗ. ಪೊರೆಯ ರೋಗ ಉತ್ತರ ಯುರೋಪಿನ ಮೂಲದವರಲ್ಲಿ ತೀರ ಸಾಮಾನ್ಯ, ನಮ್ಮಲ್ಲಿ ವಿರಳ. ಬ್ರಿಟನ್ನಿನ ಮಾರ್ಗರೆಟ್ ಥ್ಯಾಚರ್ 1986ರಲ್ಲಿ, ಅಮೆರಿಕದ ರೊನಾಲ್ಡ್ ರೇಗನ್ 1989ರಲ್ಲಿ ಇದೇ ಕಾರಣಕ್ಕೆ ಕೈ ಕೊಯ್ಸಿಕೊಂಡರು. ಅವರನ್ನು ನೋಡಿ ಯಾರೂ ದೂರ ಸರಿಯಲಿಲ್ಲ. ಮಲಪ್ರಭೆಯ ದಂಡೆಯಲ್ಲಿ ಮಾತ್ರ ಬಾಗಿದ ಎರಡು ಬೆರಳು ಕಂಡರೆ ಸಾಕಿತ್ತು, ಮದುವೆ ಮುರಿಯುತ್ತಿತ್ತು.

ಕಾನೂನೂ ರೋಗಿಯ ಪರವಾಗಿ ಇರಲಿಲ್ಲ. 1898ರ ಲೆಪರ್ಸ್ ಆ್ಯಕ್ಟ್ ಭಿಕ್ಷೆ ಬೇಡುವ ಕುಷ್ಠರೋಗಿಯನ್ನು ಹಿಡಿದು ಆಶ್ರಮದಲ್ಲಿ ಕೂಡಿಹಾಕಲು ಅಧಿಕಾರ ಕೊಟ್ಟಿತು. ಅದನ್ನು ಸಂಸತ್ತು ರದ್ದು ಮಾಡಿದ್ದು 2016ರಲ್ಲಿ. ಸಂಗಾತಿಗೆ ಕುಷ್ಠವಿದೆ ಎಂದು ವಿಚ್ಛೇದನ ಕೇಳುವ ಅವಕಾಶ 2019ರವರೆಗೆ ಉಳಿದಿತ್ತು.

ಬ್ರಿಟಿಷರ ಕಾಲದಲ್ಲಿ ಬೆಳಗಾವಿ ಜಿಲ್ಲೆ ಮುಂಬೈ ಪ್ರಾಂತದಲ್ಲಿತ್ತು. ರಾಮದುರ್ಗ ಭಾವೆ ಮನೆತನದ ಸಂಸ್ಥಾನವಾಗಿತ್ತು. ದೊಡ್ಡ ಕಾಯಿಲೆಗೆ ಜನ ಮುಖ ಮಾಡಿದ್ದು ಮಿರಜದ ಕಡೆಗೆ. ಕೆನಡಾದಲ್ಲಿ ಹುಟ್ಟಿ 1889ರಲ್ಲಿ ಭಾರತಕ್ಕೆ ಬಂದ ಮಿಷನ್ ವೈದ್ಯ ವಿಲಿಯಂ ವಾನ್ಲೆಸ್ 1894ರಲ್ಲಿ ಅಲ್ಲಿ ಆಸ್ಪತ್ರೆ ತೆರೆದರು. ಬೆಳಗಾವಿಗೂ ಮಿರಜಕ್ಕೂ ರೈಲು ಇತ್ತು. ಮನೆಯ ಹಿರಿಯರು ಕೈ ಬಿಟ್ಟ ರೋಗಿಯನ್ನು ಚಕ್ಕಡಿಯಲ್ಲಿ ಬೆಳಗಾವಿಗೆ, ಅಲ್ಲಿಂದ ರೈಲಿನಲ್ಲಿ ಮಿರಜಕ್ಕೆ ಒಯ್ಯುವುದು ಎರಡು ಮೂರು ತಲೆಮಾರಿನ ಮಾತು. “ಮಿರಜಕ್ಕ ಒಯ್ದಿದ್ರೇನು?” ಎಂದು ಈ ಕಡೆಯ ಮುದುಕರು ಇವತ್ತಿಗೂ ಕೇಳುತ್ತಾರೆ. ಹುಬ್ಬಳ್ಳಿಯಲ್ಲಿ ವೈದ್ಯಕೀಯ ಕಾಲೇಜು ಬಂದದ್ದು 1957ರಲ್ಲಿ, ಏಕೀಕರಣದ ಮರುವರ್ಷ. ಬೆಳಗಾವಿಯಲ್ಲಿ ಕೆಎಲ್ಇ ಸಂಸ್ಥೆಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು 1963ರಲ್ಲಿ. ಆಮೇಲೆ ದಾರಿ ಮೊಟಕಾಯಿತು.

ಕುಷ್ಠದಿಂದ ಬಾಗಿದ ಕೈಗೆ ಮಾತ್ರ ಮಿರಜದಲ್ಲಾಗಲಿ ಲಂಡನ್ನಿನಲ್ಲಾಗಲಿ 1947ರ ತನಕ ಯಾರ ಹತ್ತಿರವೂ ಉತ್ತರವಿರಲಿಲ್ಲ. ಕುಷ್ಠದಲ್ಲಿ ಮಾಂಸವೇ ಕೊಳೆಯುತ್ತದೆ, ಕೊಯ್ದರೆ ಗಾಯ ಮಾಯುವುದಿಲ್ಲ ಎಂಬುದು ವೈದ್ಯರಲ್ಲೇ ಬೇರುಬಿಟ್ಟ ನಂಬಿಕೆ. ಅದನ್ನು ಮುರಿದವರು ಪಾಲ್ ಬ್ರ್ಯಾಂಡ್. 1914ರಲ್ಲಿ ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಮಿಷನರಿ ದಂಪತಿಗೆ ಹುಟ್ಟಿದ ಇವರು 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಸರ್ಜನ್ ಆಗಿ ಬಂದರು. ಮರುವರ್ಷ ಚೆಂಗಲ್‌ಪಟ್ಟಿನ ಕುಷ್ಠಾಶ್ರಮ ನೋಡಲು ಹೋದಾಗ, ಬೆರಳು ಬಾಗಿದ ರೋಗಿಯೊಬ್ಬನ ಕೈ ಹಿಡಿದು, ಶಕ್ತಿಯಿದ್ದಷ್ಟು ಒತ್ತು ಎಂದರು. ಆತ ಒತ್ತಿದ ಪೆಟ್ಟಿಗೆ ಬ್ರ್ಯಾಂಡರ ಕೈ ನೊಂದುಹೋಯಿತು. ಆ ನೋವಿನಲ್ಲೇ ಅವರಿಗೆ ಹೊಳೆದದ್ದು: ಕೈ ಸತ್ತಿಲ್ಲ. ಮುಂಗೈಯ ದೊಡ್ಡ ಸ್ನಾಯುಗಳು ಗಟ್ಟಿಯಾಗಿಯೇ ಇವೆ, ಸೋತಿರುವುದು ಅಂಗೈಯ ಚಿಕ್ಕವು ಮಾತ್ರ. ಹಾಗಾದರೆ ಗಟ್ಟಿ ಸ್ನಾಯುವಿನ ಹುರಿಯೊಂದನ್ನು ತಂದು ಸೋತದ್ದರ ಕೆಲಸಕ್ಕೆ ಜೋಡಿಸಬಹುದು. 1948ರಿಂದ ವೆಲ್ಲೂರಿನಲ್ಲಿ ಆ ಶಸ್ತ್ರಕ್ರಿಯೆಗಳು ಶುರುವಾದವು.

ಇದಕ್ಕಿಂತ ಕಡಿಮೆ ಸದ್ದು ಮಾಡಿದ ಇನ್ನೊಂದು ಕೆಲಸವನ್ನು ಅವರು ಮಾಡಿದರು. ಈ ಬರಹದ ಮಟ್ಟಿಗೆ ಅದೇ ದೊಡ್ಡದು. ವರ್ಷಗಟ್ಟಲೆ ಬಾಗಿಯೇ ಇದ್ದ ಬೆರಳಿನ ಚರ್ಮ, ಕೀಲು ಗಿಡ್ಡಾಗಿ ಸೆಟೆದಿರುತ್ತವೆ; ಅಂಥ ಬೆರಳಿಗೆ ಹುರಿ ಜೋಡಿಸಿ ಉಪಯೋಗವಿಲ್ಲ. ಜೋರಿನಿಂದ ನೆಟ್ಟಗೆ ಮಾಡಿದರೆ ಹರಿಯುತ್ತದೆ, ಬಾವು ಬಂದು ಮತ್ತೆ ಬಿಗಿಯುತ್ತದೆ. ಬ್ರ್ಯಾಂಡ್ ಮತ್ತು ಸಂಗಡಿಗರು ಬೆರಳಿನ ಗಾತ್ರದ ಪ್ಲಾಸ್ಟರ್ ಕೊಳವೆ ಕಟ್ಟತೊಡಗಿದರು. ಬೆರಳು ತಾನಾಗಿ ಎಲ್ಲಿಯವರೆಗೆ ಬರುತ್ತದೋ ಅಲ್ಲಿಗೆ ಕಟ್ಟುವುದು. ಕೆಲವು ದಿನ ಬಿಟ್ಟು ಬಿಚ್ಚುವುದು, ಎಣ್ಣೆ ಹಚ್ಚಿ ಆಡಿಸುವುದು, ಸಿಕ್ಕ ಒಂದೆರಡು ಡಿಗ್ರಿಯನ್ನು ಹಿಡಿದಿಟ್ಟು ಮತ್ತೆ ಕಟ್ಟುವುದು. ಜೀವಂತ ಅಂಗಾಂಶ ಮೆಲ್ಲಗಿನ, ಬಿಡದ ಎಳೆತಕ್ಕೆ ಬೆಳೆಯುತ್ತದೆ. ಚಾಕು ಬೇಡ, ಸೂಜಿ ಬೇಡ, ಬೇಕಾದದ್ದು ತಾಳ್ಮೆ ಮತ್ತು ಸುಣ್ಣದಂಥ ಅಗ್ಗದ ಪುಡಿ. ಬಡ ಊರಿನ ರೋಗಿಗೆ ಇಪ್ಪತ್ತನೆಯ ಶತಮಾನ ಕೊಟ್ಟ ಅತ್ಯುತ್ತಮ ‘ಕೊಯ್ಯದ ಚಿಕಿತ್ಸೆ’ ಇದು. ನಮ್ಮ ಪಕ್ಕದ ರಾಜ್ಯದಲ್ಲೇ ರೂಪುಗೊಂಡದ್ದಾದರೂ ಇದರ ಹೆಸರು ಯಾರ ಬಾಯಲ್ಲೂ ಇಲ್ಲ.

ಬಿಚ್ಚಿದ ಕೈ ಎಲ್ಲ ಕಷ್ಟವನ್ನೂ ಬಗೆಹರಿಸಲಿಲ್ಲ. ವೆಲ್ಲೂರಿನಿಂದ ಗುಣವಾಗಿ ಹೋದ ಕೆಲವರು ಮರಳಿ ಬಂದು, ಕೈ ನೆಟ್ಟಗಾದ ಮೇಲೆ ಭಿಕ್ಷೆ ಸಿಗುವುದಿಲ್ಲ, ಕುಷ್ಠವಿತ್ತೆಂದು ಕೆಲಸವನ್ನೂ ಯಾರೂ ಕೊಡುವುದಿಲ್ಲ ಎಂದು ಬ್ರ್ಯಾಂಡರ ಮುಂದೆ ಹೇಳಿಕೊಂಡರು. ಅವರಿಗಾಗಿಯೇ ನವಜೀವ ನಿಲಯ ಎಂಬ ಪುಟ್ಟ ಊರು ಕಟ್ಟಿ, ಬಡಗಿತನ ಕಲಿಸಿ, ಮರದ ಆಟಿಕೆ ಮಾಡಿಸಿದರು. ಕೈಯ ಚಿಕಿತ್ಸೆ ಕೈ ಕೆಲಸಕ್ಕೆ ಮರಳಿದಾಗ ಮುಗಿಯುತ್ತದೆ ಎಂಬುದನ್ನು ಬ್ರ್ಯಾಂಡ್ ಅಲ್ಲಿ ಕಲಿತರು.

1982ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಲವು ಔಷಧಗಳ ಕೂಡುಚಿಕಿತ್ಸೆಯನ್ನು ಶಿಫಾರಸು ಮಾಡಿತು. ಕುಷ್ಠ ಆರು ತಿಂಗಳಲ್ಲಿ, ಹೆಚ್ಚೆಂದರೆ ವರ್ಷ ಎರಡು ವರ್ಷದಲ್ಲಿ ಗುಣವಾಗುವ ಕಾಯಿಲೆಯಾಯಿತು. ಬೇಗ ಗುರುತಿಸಿದರೆ ಬೆರಳು ಬಾಗುವುದೇ ಇಲ್ಲ. ತಡವಾದವರಿಗೆ ಸರ್ಕಾರಿ ಕಾರ್ಯಕ್ರಮದಲ್ಲೇ ಕೈ ಸರಿಪಡಿಸುವ ಶಸ್ತ್ರಕ್ರಿಯೆ ಪುಕ್ಕಟೆ ಸಿಗುತ್ತದೆ.

ಕುಷ್ಠ ಹಿಂದೆ ಸರಿದ ಜಾಗಕ್ಕೆ ಸಕ್ಕರೆ ಕಾಯಿಲೆ ಬಂದು ಕೂತಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ 2023ರಲ್ಲಿ ದೇಶದ ಮಧುಮೇಹಿಗಳನ್ನು 10.1 ಕೋಟಿ ಎಂದು ಅಂದಾಜು ಮಾಡಿತು. ವರ್ಷಗಟ್ಟಲೆ ಸಕ್ಕರೆ ಏರಿದ್ದರೆ ಬೆರಳಿನ ಕೀಲುಗಳ ಸುತ್ತಲಿನ ಚರ್ಮ ದಪ್ಪಗಾಗಿ ಬಿಗಿಯುತ್ತದೆ. ಎರಡೂ ಅಂಗೈ ಜೋಡಿಸಿದರೆ ಬೆರಳುಗಳ ನಡುವೆ ಸಂದು ಉಳಿಯುತ್ತದೆ. ಇಂಗ್ಲಿಷ್ ಪಠ್ಯಗಳು ಇದನ್ನು ಪ್ರಾರ್ಥನೆಯ ಚಿಹ್ನೆ ಎನ್ನುತ್ತವೆ. ನಮ್ಮಲ್ಲಿ ದಿನವೂ ಹತ್ತು ಸಲ ಮಾಡುವ ನಮಸ್ಕಾರವೇ ಪರೀಕ್ಷೆ. ಮಧುಮೇಹಿಗಳಲ್ಲಿ ಪೊರೆಯ ರೋಗವೂ ಹೆಚ್ಚು. ಅದು ಸೌಮ್ಯವಾಗಿ ನಡುಬೆರಳು, ಉಂಗುರ ಬೆರಳುಗಳತ್ತ ವಾಲುತ್ತದೆ. ಇನ್ನು, ಬೆಳಗ್ಗೆ ಎದ್ದಾಗ ಬೆರಳು ಸಿಕ್ಕಿಕೊಂಡು ‘ಟಕ್’ ಎಂದು ಬಿಚ್ಚುವ ಟ್ರಿಗರ್ ಫಿಂಗರ್ ಅಂತೂ ಮನೆಮನೆಯ ಮಾತಾಗಿದೆ. ಅದರಲ್ಲಿ ಹುರಿ ಹಾಯುವ ಕೊಳವೆಯ ಬಾಯಿ ಬಿಗಿದಿರುತ್ತದೆ. ಒಂದು ಸ್ಟೀರಾಯ್ಡ್ ಇಂಜೆಕ್ಷನ್ ಸಾಕಾಗಬಹುದು. ಇಲ್ಲವಾದರೆ ಚರ್ಮ ತೆರೆಯದೆ ಕೊಳವೆಯ ಬಾಯನ್ನು ಬಿಡಿಸುವ ಕ್ರಮ 1958ರಿಂದಲೂ ಇದೆ.

ಬಾಗಿದ ಬೆರಳಿನೊಂದಿಗೆ ವೈದ್ಯರ ಹತ್ತಿರ ಬಂದ ರೋಗಿ ಸಹಜವಾಗಿ ಕೇಳುವುದು, “ಸರ್ರ, ಕೊಯ್ಲಾರ್ದನ ಆಗೂದಿಲ್ಲೇನ್ರಿ?”

ಪೊರೆಯ ರೋಗವಾದರೆ, ಆಗುತ್ತದೆ. 1970ರ ದಶಕದಲ್ಲಿ ಪ್ಯಾರಿಸ್ಸಿನಲ್ಲೇ ಕೂಪರನ ಹಳೆಯ ಉಪಾಯ ಮರುಹುಟ್ಟು ಪಡೆಯಿತು. ಈ ಸಲ ಅದನ್ನು ಕೈಗೆತ್ತಿಕೊಂಡ ಝಾಂ ಲುಕ್ ಲೆರ್ಮೂಝಿಯೋ ಸರ್ಜನ್ ಅಲ್ಲ, ಸಂಧಿವಾತದ ವೈದ್ಯ. ಅವರ ಕೈಗೆ ಒಗ್ಗಿದ ಸಾಧನ ಇಂಜೆಕ್ಷನ್ ಸೂಜಿ. ಅಂಗೈಗೆ ಮಾತ್ರ ಅರಿವಳಿಕೆ ಕೊಟ್ಟು, ಸೂಜಿಯ ಓರೆಮೊನೆಯನ್ನೇ ಕಿರುಚಾಕಿನಂತೆ ಆಡಿಸಿ, ಬಿಗಿದ ಎಳೆಯನ್ನು ಎರಡು ಮೂರು ಕಡೆ ಸವೆಸುತ್ತಾರೆ. ಆಮೇಲೆ ಬೆರಳನ್ನು ಮೇಲಕ್ಕೆತ್ತಿದರೆ ಎಳೆ ಹರಿದು ಬೆರಳು ಬಿಚ್ಚುತ್ತದೆ. ಹೊಲಿಗೆ ಇಲ್ಲ, ಅವತ್ತೇ ಮನೆಗೆ, ವಾರದೊಳಗೆ ಬಹುಪಾಲು ಕೆಲಸಕ್ಕೆ. ಅಪಾಯವೂ ಇಲ್ಲದಿಲ್ಲ. ಬೆರಳಿನ ಸ್ಪರ್ಶದ ನರ ಪಕ್ಕದಲ್ಲೇ ಇರುತ್ತದೆ. ಆದ್ದರಿಂದಲೇ ರೋಗಿಯನ್ನು ಎಚ್ಚರವಿಟ್ಟು, ಜುಮ್ಮೆಂದರೆ ಹೇಳಿ ಎನ್ನುತ್ತಾರೆ.

ಇನ್ನೊಂದು ದಾರಿ ತೆರೆದದ್ದು ನ್ಯೂಯಾರ್ಕ್ ರಾಜ್ಯದ ಸ್ಟೋನಿ ಬ್ರೂಕಿನಲ್ಲಿ. ಕ್ಲಾಸ್ಟ್ರಿಡಿಯಂ ಎಂಬ ಬ್ಯಾಕ್ಟೀರಿಯಾ ಪೊರೆಯ ಕೊಲಾಜೆನ್ ಅನ್ನು ಕರಗಿಸುವ ಕಿಣ್ವ ತಯಾರಿಸುತ್ತದೆ. ಅದನ್ನು ಎಳೆಯೊಳಗೆ ಚುಚ್ಚಿ, ಮರುದಿನ ಬೆರಳನ್ನು ಎಳೆದು ಬಿಚ್ಚಿದರೆ ಹೇಗೆ ಎಂದು ಹರ್ಸ್ಟ್, ಬಡಲಮೆಂಟೆ ಎಂಬ ಇಬ್ಬರು ಸಂಶೋಧಕರು ಯೋಚಿಸಿದರು. 308 ರೋಗಿಗಳ ಮೇಲಿನ ಪರೀಕ್ಷೆ 2009ರಲ್ಲಿ ಪ್ರಕಟವಾಯಿತು. ಕಿಣ್ವ ಪಡೆದ ಕೀಲುಗಳಲ್ಲಿ ನೂರಕ್ಕೆ 64 ಹೆಚ್ಚುಕಡಿಮೆ ಪೂರ್ತಿ ಬಿಚ್ಚಿದ್ದವು. ಸುಳ್ಳು ಮದ್ದು ಪಡೆದವುಗಳಲ್ಲಿ ಏಳೂ ಇಲ್ಲ. 2010ರಲ್ಲಿ ಅಮೆರಿಕ ಅನುಮತಿ ಕೊಟ್ಟಿತು. ಹತ್ತು ವರ್ಷ ಕಳೆಯುವಷ್ಟರಲ್ಲಿ, 2020ರಲ್ಲಿ, ಕಂಪನಿ ವ್ಯಾಪಾರದ ಕಾರಣ ಕೊಟ್ಟು ಯುರೋಪಿನ ಪೇಟೆಯಿಂದ ಅದನ್ನು ಹಿಂದಕ್ಕೆ ಪಡೆಯಿತು. ಬೆರಳು ಬಿಚ್ಚುವ ಮದ್ದು ಇದ್ದೂ ಅಂಗಡಿಯಲ್ಲಿ ಇಲ್ಲವಾಯಿತು. 2024ರಲ್ಲಿ ಪ್ರಕಟವಾದ ಬ್ರಿಟನ್ನಿನ ದೊಡ್ಡ ಪರೀಕ್ಷೆಯಲ್ಲಿ 672 ರೋಗಿಗಳಿದ್ದರು. ಒಂದು ವರ್ಷದ ಮೇಲೆ ನಿಮ್ಮ ಕೈ ಹೇಗಿದೆ ಎಂದು ಅವರನ್ನೇ ಕೇಳಿದಾಗ, ಕಿಣ್ವ ಚುಚ್ಚಿಸಿಕೊಂಡವರಿಗಿಂತ ಕೊಯ್ಸಿಕೊಂಡವರ ಕೈ ಚೆನ್ನಾಗಿತ್ತು.

ಸೂಜಿಗೂ ಚಾಕುವಿಗೂ ನಡುವಿನ ತಕ್ಕಡಿಯನ್ನು ನೆದರ್ಲೆಂಡಿನ ವೈದ್ಯರು ಸ್ಪಷ್ಟವಾಗಿ ತೂಗಿ ತೋರಿಸಿದ್ದಾರೆ. 2012ರಲ್ಲಿ ಬಂದ ಅವರ ಐದು ವರ್ಷದ ಲೆಕ್ಕದಲ್ಲಿ, ಸೂಜಿ ಚಿಕಿತ್ಸೆಯ ನಂತರ ನೂರಕ್ಕೆ 85ರಷ್ಟು ಮಂದಿಗೆ ಬೆರಳು ಮತ್ತೆ ಬಾಗಿತು. ಪೊರೆಯನ್ನು ಕೊಯ್ದು ತೆಗೆದವರಲ್ಲಿ ಅದು 21ರಷ್ಟು. ಅಂಕಿಯಷ್ಟೇ ನೋಡಿದರೆ ಚಾಕುವೇ ಗೆದ್ದಿತು. ಆದರೆ ಸೂಜಿಯ ನಂತರ ರೋಗ ಮರುಕಳಿಸಿದವರನ್ನು ಈಗೇನು ಮಾಡೋಣ ಎಂದು ಕೇಳಿದರೆ, ಅರ್ಧಕ್ಕಿಂತ ತುಸು ಹೆಚ್ಚು ಮಂದಿ ಮತ್ತೆ ಸೂಜಿಯನ್ನೇ ಬೇಡಿದರು. ಐದು ವರ್ಷಕ್ಕೊಮ್ಮೆ ಒಂದು ವಾರ ಕಳೆದುಕೊಳ್ಳುವುದು ಒಂದೇ ಸಲ ತಿಂಗಳೂ ಹೆಚ್ಚು ಕಳೆದುಕೊಳ್ಳುವುದಕ್ಕಿಂತ ಅವರಿಗೆ ಹಗುರ ಅನ್ನಿಸಿತ್ತು.

ಈ ಉತ್ತರ ಮಲಪ್ರಭೆಯ ದಂಡೆಯವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ರಾಮದುರ್ಗದ ಕೈಮಗ್ಗದ ನೇಕಾರನಿಗೆ ನೇಯ್ದಷ್ಟೇ ಕೂಲಿ. ಆರು ವಾರ ಕೈಗೆ ಪಟ್ಟಿ ಕಟ್ಟಿಕೊಂಡು ಕೂತರೆ ಹಾಸು ಮಗ್ಗದ ಮೇಲೆಯೇ ಧೂಳು ತಿನ್ನುತ್ತದೆ. ಕಬ್ಬಿನ ಸೀಮೆಯಲ್ಲಿ, ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಸಹಕಾರಿ ಸಕ್ಕರೆ ಕಾರ್ಖಾನೆಯ ಸುತ್ತ, ಕಡಿತದ ಹಂಗಾಮಿನಲ್ಲಿ ಕೈ ಬಿಡುವು ಕೇಳುವಂತಿಲ್ಲ. “ಸುಗ್ಗಿ ಮುಗೀಲಿ” ಎಂಬ ಮಾತನ್ನು ಹೇಡಿತನವೆಂದೋ ಅಸಡ್ಡೆಯೆಂದೋ ತಿಳಿಯುವ ವೈದ್ಯರು ರೋಗಿಯ ಲೆಕ್ಕವನ್ನು ಕೇಳಿಲ್ಲ ಎಂದೇ ಅರ್ಥ. ಬುಡದ ಕೀಲು ಬಾಗಿದ್ದರೆ ತುಸು ಕಾಯಬಹುದು, ಅದು ತಡವಾಗಿ ಬಿಚ್ಚಿದರೂ ಪೂರ್ತಿ ಬರುತ್ತದೆ. ಬೆರಳಿನ ನಡುಗೀಲು ಬಾಗಿದ್ದರೆ ಕಾಯುವಂತಿಲ್ಲ, ಅದು ಬಾಗಿದಲ್ಲೇ ಸೆಟೆಯುತ್ತದೆ. ಇಷ್ಟನ್ನು ಬಿಡಿಸಿ ಹೇಳಿದರೆ ಸುಗ್ಗಿಯ ಮೊದಲೋ ನಂತರವೋ ಎಂಬುದನ್ನು ಮನೆಯವರೇ ಕೂತು ತೀರ್ಮಾನಿಸುತ್ತಾರೆ.

ಸೂಜಿಯಾಗಲಿ ಚಾಕುವಾಗಲಿ, ರಾತ್ರಿಯ ಪಟ್ಟಿ ಮಾತ್ರ ಬದಲಾಗಿಲ್ಲ. ದ್ಯುಪುಯ್ತ್ರಾಂನ ವ್ಯಾಪಾರಿ ಬೆರಳು ಚಾಚಿ ಕಟ್ಟಿಕೊಂಡು ಮಲಗಿದ. ವೆಲ್ಲೂರಿನ ರೋಗಿಗಳು ಪ್ಲಾಸ್ಟರ್ ಹಾಕಿಕೊಂಡು ಮಲಗಿದರು. ಇಂದು ಬೆಳಗಾವಿ ಹುಬ್ಬಳ್ಳಿಯ ಫಿಸಿಯೋಥೆರಪಿ ಕೋಣೆಗಳಲ್ಲಿ ಬಿಸಿ ಮಾಡಿ ಬಗ್ಗಿಸಿದ ಪ್ಲಾಸ್ಟಿಕ್ ತಗಡು ಕೊಡುತ್ತಾರೆ. ಹಗಲಿಗೆ ಒತ್ತುವ ಚೆಂಡು, ಹಿಸುಕುವ ಮೇಣ. ಮನೆಯಲ್ಲಿ ಅವೆರಡೂ ಇಲ್ಲದವರಿಗೆ ಬೆಚ್ಚಗಿನ ಹಿಟ್ಟು ಸಾಕು. ಗಾಯ ಪೂರ್ತಿ ಮಾಯ್ದ ಮೇಲೆ ಮೊದಲು ನಾದುವುದು, ಆಮೇಲೆ ಉಂಡಿ ಕಟ್ಟುವುದು, ಬಡಿಯುವುದು ಕೊನೆಗೆ. ಮೊದಮೊದಲಿನ ರೊಟ್ಟಿ ದಪ್ಪವೇ ಇರುತ್ತದೆ.